ಕಾಣಿಕೆ ಕವರು, ಕಾರ್ಡಿನ ಬಿಲ್ಲು: ಒಂದು ಮನೆಯ ಪ್ರಕರಣ

ದುಂದು ಮಾಡಿ ಸಾಲಕ್ಕೆ ಬಿದ್ದವರ ಕಥೆ ಎಲ್ಲರಿಗೂ ಗೊತ್ತು. ಈ ಪ್ರಕರಣ ಅಂಥದ್ದಲ್ಲ. ಈ ಮನೆಯಲ್ಲಿ ಕುಡಿತ ಇಲ್ಲ, ಜೂಜು ಇಲ್ಲ, ಆಡಂಬರವೂ ಇಲ್ಲ. ಭಾನುವಾರದ ಆರಾಧನೆ ತಪ್ಪಿಸಿದವರಲ್ಲ. ದಶಮಾಂಶ, ಅಂದರೆ ಸಂಬಳದ ಹತ್ತನೇ ಪಾಲಿನ ಕಾಣಿಕೆ, ಬಾಕಿ ಇಟ್ಟವರಲ್ಲ. ಕಷ್ಟ ಅಂತ ಬಂದವರಿಗೆ ಇಲ್ಲ ಅಂದವರೂ ಅಲ್ಲ. ಆದರೂ ಮೂರ್ನಾಲ್ಕು ವರ್ಷದಲ್ಲಿ ಸಾಲ ಕುತ್ತಿಗೆಗೆ ಬಂತು. ನಮ್ಮ ಕ್ರೈಸ್ತ ಸಭೆಗಳಲ್ಲಿ ಇಂಥ ಮನೆಗಳು ಇನ್ನೂ ಇವೆ. ಅವರಿಗೆ ಉಪಯೋಗವಾಗಲಿ ಅಂತ, ಕುಟುಂಬದ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಸಭೆ, ಬೀದಿ ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತುವಂಥ ಕೆಲವು ವಿವರ ಬದಲಾಯಿಸಿದ್ದೇನೆ. ಹಣದ ಲೆಕ್ಕವನ್ನು ಹೆಚ್ಚೂಕಡಿಮೆ ನೂರರ ಲೆಕ್ಕಕ್ಕೆ ತಂದಿದ್ದೇನೆ.

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸಭೆಯಲ್ಲಿ ಯಾರಿಗಾದರೂ ದುಡ್ಡಿನ ತಾಪತ್ರಯ ಬಂದರೆ ಅಯ್ಯನವರು, ಅಂದರೆ ಸಭೆಯ ಪಾಸ್ಟರು, ನನಗೆ ಹೇಳಿ ಕಳಿಸುತ್ತಾರೆ.

ಮನೆ ಮತ್ತು ಲೆಕ್ಕ

ತುಮಕೂರು ರಸ್ತೆ ಕಡೆಯ ಒಂದು ಬಡಾವಣೆ. ಗಂಡನಿಗೆ 44 ವರ್ಷ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕೈಗೆ ಬರುವ ಸಂಬಳ 42,000 ರೂಪಾಯಿ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, 16,000. ಮಗಳು ಆಗ ಎರಡನೇ ಪಿಯುಸಿ, ಮಗ ಎಂಟನೇ ಕ್ಲಾಸು. ಜೊತೆಗೆ ಗಂಡನ ತಾಯಿ, ಬಿಪಿ ಶುಗರ್ ಎರಡೂ ಇರುವವರು.

ತಿಂಗಳಿಗೆ 58,000 ಬರುವ ಮನೆ ಸುಮ್ನೆ ಮುಳುಗುವುದಿಲ್ಲ. ಬಾಡಿಗೆ 13,000. ರೇಷನ್, ಹಾಲು, ತರಕಾರಿ, ಗ್ಯಾಸು ಸೇರಿ 12,500. ಮಕ್ಕಳ ಫೀಸನ್ನು ತಿಂಗಳಿಗೆ ಹಂಚಿದರೆ 6,500. ಅಜ್ಜಿಯ ಔಷಧಿ 2,200. ಪೆಟ್ರೋಲು, ಆಟೋ, ಫೋನು 4,000. ನೀರು, ಕೇಬಲ್, ಇತರೆ 1,300. ಇಲ್ಲಿಗೆ 39,500 ಆಯಿತು. ಅಂದರೆ ಬದುಕುವ ಖರ್ಚು ಸಂಬಳದೊಳಗೇ ಇತ್ತು.

ಅದರ ಮೇಲೆ ದಶಮಾಂಶ 5,800. ಸಂಬಳದ ದಿನವೇ ಹೆಂಡತಿ ಕವರಿಗೆ ಹಾಕಿಡುತ್ತಿದ್ದರು. ಸುಗ್ಗಿ ಹಬ್ಬ, ಹುಟ್ಟುಹಬ್ಬದ ಕೃತಜ್ಞತಾ ಕಾಣಿಕೆ, ಕಟ್ಟಡ ನಿಧಿ ಇವೆಲ್ಲ ಸೇರಿ ತಿಂಗಳಿಗೆ ಇನ್ನೊಂದು 1,000. ಚೀಟಿ 4,000. ನಾದಿನಿಯ ಮದುವೆಗೆ ತೆಗೆದಿದ್ದ ಮೂರು ಲಕ್ಷದ ಪರ್ಸನಲ್ ಲೋನಿನ ಕಂತು 6,700. ಹೆಂಡತಿಗೆ ಗೊತ್ತಿದ್ದದ್ದು ಇಷ್ಟು. ಇಷ್ಟಕ್ಕೇ 57,000. ಬಿಗಿಯಾಗಿದೆ, ಆದರೆ ನಡೆಯುತ್ತಿದೆ ಅಂತ ಆಕೆ ನಂಬಿದ್ದರು.

ಗೊತ್ತಿಲ್ಲದ್ದು ಮೂರು ಇತ್ತು. ಗಂಡನ ಹೆಸರಿನ ಕ್ರೆಡಿಟ್ ಕಾರ್ಡ್ ಮೇಲೆ 84,000 ಬಾಕಿ. ಪರಿಚಯದವರ ಹತ್ತಿರ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಒಂದು ಲಕ್ಷ ಕೈಸಾಲ. ಮೂರನೆಯದು ಜಾಮೀನು. ಸಭೆಯ ಗೆಳೆಯರೊಬ್ಬರು ಸಣ್ಣ ಅಂಗಡಿ ಇಡಲು ಒಂದು ಸಹಕಾರ ಸಂಘದಿಂದ ಎರಡು ಲಕ್ಷ ಸಾಲ ಪಡೆದಿದ್ದರು. ಜಾಮೀನುದಾರರು ಇಬ್ಬರು. ಅವರಲ್ಲಿ ಈ ಗಂಡ ಒಬ್ಬರು.

ನೋಟಿಸ್ ಬಂದ ದಿನ

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದ ಹೆಂಡತಿಯೇ ರಿಜಿಸ್ಟರ್ಡ್ ಪೋಸ್ಟಿಗೆ ಸಹಿ ಹಾಕಿದರು. ಗೆಳೆಯ ಆರು ತಿಂಗಳಿಂದ ಕಂತು ಕಟ್ಟಿಲ್ಲ, ಜಾಮೀನುದಾರರಾದ ತಾವು ಕಟ್ಟಬೇಕು ಅಂತ ಅದರಲ್ಲಿತ್ತು. ಯಾರದೋ ಕಾಗದ ತಪ್ಪಿ ಬಂದಿದೆ ಅಂದುಕೊಂಡು ಆಕೆ ವಿಳಾಸ ಮತ್ತೆ ಮತ್ತೆ ಓದಿದರಂತೆ. ಗಂಡ ಬಂದಾಗ ಏನೂ ಹೇಳಲಿಲ್ಲ. ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದು ಮಕ್ಕಳು ಎದ್ದು ಹೋದ ಮೇಲೆ, ಮಡಚಿದ ನೋಟಿಸನ್ನು ಸತ್ಯವೇದದ (ಬೈಬಲಿನ) ಮೇಲೆ ಇಟ್ಟು, "ಇದೇನು ರೀ?" ಅಂತ ಕೇಳಿದರು.

ಆ ರಾತ್ರಿ ಜಾಮೀನಿನ ವಿಷಯ ಮಾತ್ರ ಹೊರಗೆ ಬಂತು. ಕಾರ್ಡು ಒಂದು ವಾರದ ಮೇಲೆ. ಕೈಸಾಲದ ವಿಷಯ ಗೊತ್ತಾಗಲು ತಿಂಗಳುಗಳೇ ಬೇಕಾದವು. ಹೀಗೆ ಕಂತಿನಲ್ಲಿ ಸತ್ಯ ಹೇಳಿದ್ದು ಈ ಮನೆಗೆ ತುಂಬಾ ನೋವು ಕೊಟ್ಟಿತು. "ಸಾಲಕ್ಕಿಂತ, ಇನ್ನೂ ಏನೇನಿದೆಯೋ ಅನ್ನೋ ಭಯ ನನ್ನ ತಿಂದಿತು ಅಂಕಲ್" ಅಂತ ಆಕೆ ಆಮೇಲೆ ನನಗೆ ಹೇಳಿದರು.

ಒಂದು ಲಕ್ಷ ಕೈಸಾಲ ಯಾಕೆ ಮಾಡಿದರು ಅಂತ ಕೇಳಬಹುದು. 40,000 ಬಾಡಿಗೆ ಮನೆ ಬದಲಾಯಿಸಿದಾಗ ಅಡ್ವಾನ್ಸಿಗೆ. 35,000 ತಾಯಿಯನ್ನು ಆಸ್ಪತ್ರೆಗೆ ಸೇರಿಸಿದಾಗ. ಉಳಿದ 25,000 ಒಂದು ವಿಶೇಷ ಕೂಟದಲ್ಲಿ "ಬೀಜದ ಕಾಣಿಕೆ" ಅಂತ ಕೊಟ್ಟಿದ್ದು. ಸಾಲದಲ್ಲಿರುವವರು ವಿಶ್ವಾಸದಿಂದ ಬಿತ್ತಿದರೆ ನೂರರಷ್ಟು ಕೊಯ್ಯುತ್ತೀರಿ ಅಂತ ಆ ಬೋಧಕರು ಹೇಳಿದ್ದರಂತೆ. ಇದರ ಬಗ್ಗೆ ನನಗೆ ನಿಜವಾಗಿ ಕೋಪ ಇದೆ. ಬಿತ್ತುವವನ ಸಾಮ್ಯದಲ್ಲಿ ಬೀಜ ಅಂದರೆ ದೇವರ ವಾಕ್ಯ ಅಂತ ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸುವೇ ಬಿಡಿಸಿ ಹೇಳಿದ್ದಾನೆ. ಸಾಲಗಾರನನ್ನು ಬಡ್ಡಿ ದುಡ್ಡಿನಲ್ಲಿ ಕಾಣಿಕೆ ಕೊಡುವ ಹಾಗೆ ಮಾಡುವುದು ಬೋಧನೆಯಲ್ಲ. ಕಷ್ಟದಲ್ಲಿರುವವರ ಭಯವನ್ನು ಬಳಸಿಕೊಳ್ಳುವುದು ಅದು.

ಅವರೇ ಮಾಡಿ ನೋಡಿದ್ದು

ನಮ್ಮ ಹತ್ತಿರ ಬರುವ ಮೊದಲು ಅವರು ಸುಮ್ಮನೆ ಕೂತಿರಲಿಲ್ಲ. 25 ತಿಂಗಳ, ಒಂದು ಲಕ್ಷದ ಚೀಟಿ ಇತ್ತಲ್ಲ, ಅದನ್ನು ಹತ್ತನೇ ತಿಂಗಳಲ್ಲೇ ಕೂಗಿದರು. 15,000 ಬಿಟ್ಟುಕೊಟ್ಟು 85,000 ಎತ್ತಿದರು. ಅದರಲ್ಲಿ 33,000 ಗೆಳೆಯನ ಆರು ಕಂತಿನ ಬಾಕಿಗೆ ಹೋಯಿತು. ಉಳಿದ 52,000 ಪ್ರತಿ ತಿಂಗಳ ಕೊರತೆ ತುಂಬಿಸುತ್ತ ನಾಲ್ಕೈದು ತಿಂಗಳಲ್ಲಿ ಕರಗಿತು. ಎತ್ತದ ಚೀಟಿ ಉಳಿತಾಯ. ಎತ್ತಿದ ಚೀಟಿ ಸಾಲ. ಇದನ್ನು ತುಂಬ ಜನ ಗಮನಿಸುವುದಿಲ್ಲ. ಇವರ ಮನೆಯಲ್ಲಿ ಅದಾದ ಮೇಲೂ ಅದನ್ನು "ನಮ್ಮ ಚೀಟಿ ಇದೆ" ಅಂತಲೇ ಹೇಳುತ್ತಿದ್ದರು.

ಎರಡನೆಯದು, ಗಂಡ ಸಿಕ್ಕ ಓಟಿಯನ್ನೆಲ್ಲ ಮಾಡಿದರು. ಬೆನ್ನು ನೋವು ಬಂದು ಅದು ನಿಂತಿತು.

ಮೂರನೆಯದು ಇನ್ನೇನು ಆಗಿಯೇ ಹೋಗುತ್ತಿತ್ತು. ಪರ್ಸನಲ್ ಲೋನ್ ಕೊಟ್ಟ ಬ್ಯಾಂಕಿನಿಂದ ಫೋನ್ ಬಂತು, ಇರುವ ಸಾಲದ ಮೇಲೆ ಇನ್ನೂ ಎರಡು ಲಕ್ಷ ಸಾಲ, ಅಂದರೆ ಟಾಪ್ ಅಪ್, ಕೊಡುತ್ತೇವೆ ಅಂತ. ಅದರಲ್ಲಿ ಕಾರ್ಡು, ಕೈಸಾಲ ಎರಡನ್ನೂ ತೀರಿಸಿ ಒಂದೇ ಕಂತು ಮಾಡಿಕೊಳ್ಳೋಣ ಅಂತ ಗಂಡನ ಯೋಚನೆ. ಬರೀ ಬಡ್ಡಿ ಲೆಕ್ಕ ನೋಡಿದರೆ ಅದು ತಪ್ಪಲ್ಲ. ಕೈಸಾಲಕ್ಕೆ ವರ್ಷಕ್ಕೆ ನೂರಕ್ಕೆ 36, ಕಾರ್ಡಿಗೆ 42, ಬ್ಯಾಂಕಿನದು 12ರ ಮೇಲೆ ಸ್ವಲ್ಪ. ಆದರೆ ಆ ಸಹಿ ಹಾಕುವ ಮೊದಲು ಹೆಂಡತಿ ಅಯ್ಯನವರ ಹತ್ತಿರ ಹೋಗಿ ಬರೋಣ ಅಂದರು. ಗಂಡ ಮೊದಲು ಒಪ್ಪಲಿಲ್ಲ. ಸಭಾ ಕಮಿಟಿಯಲ್ಲಿ ಇದ್ದವರು, ಮರ್ಯಾದೆ ಪ್ರಶ್ನೆ. "ಹಾಗಾದ್ರೆ ನಾನೊಬ್ಬಳೇ ಹೋಗ್ತೀನಿ" ಅಂದ ಮೇಲೆ ಹೊರಟರು. ಈ ಪ್ರಕರಣದಲ್ಲಿ ದಾರಿ ತಿರುಗಿದ್ದು ಅಲ್ಲಿ ಅಂತ ನಾನು ಹೇಳುತ್ತೇನೆ.

ಒಂದು ಹಾಳೆ

ಅಯ್ಯನವರು ಲೆಕ್ಕಕ್ಕೆ ಮೊದಲು ಸತ್ಯವೇದದ 2 ಅರಸುಗಳು ಪುಸ್ತಕದ 4ನೇ ಅಧ್ಯಾಯ ಓದಿಸಿದರು. ಪ್ರವಾದಿಯೊಬ್ಬನ ವಿಧವೆ. ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ದಾಸರಾಗಿ ಒಯ್ಯಲು ಬಂದಿದ್ದಾನೆ. ಸತ್ತ ಗಂಡ ದೇವರಿಗೆ ಭಯಪಡುವವನಾಗಿದ್ದ ಅಂತ ಅವಳೇ ಹೇಳುತ್ತಾಳೆ. ದೈವಭಕ್ತನ ಮನೆಗೂ ಸಾಲ ಕೊಟ್ಟವನು ಬಂದು ನಿಲ್ಲುತ್ತಾನೆ ಅಂತ ಸತ್ಯವೇದ ಮುಚ್ಚುಮರೆ ಇಲ್ಲದೆ ಹೇಳಿದ್ದು ಇವರಿಬ್ಬರಿಗೂ ಸಮಾಧಾನ ಕೊಟ್ಟಿತು. ಪ್ರವಾದಿ ಎಲೀಷ ಅವಳನ್ನು ಬೈಯುವುದಿಲ್ಲ. ನಿನ್ನ ಮನೆಯಲ್ಲಿ ಏನಿದೆ ಅಂತ ಕೇಳುತ್ತಾನೆ. ಸ್ವಲ್ಪ ಎಣ್ಣೆ ಬಿಟ್ಟು ಏನೂ ಇಲ್ಲ ಅನ್ನುತ್ತಾಳೆ. ಆ ಎಣ್ಣೆಯೇ ಪಾತ್ರೆ ಪಾತ್ರೆ ತುಂಬುವಷ್ಟು ಹೆಚ್ಚುತ್ತದೆ. ಕೊನೆಗೆ, ಎಣ್ಣೆ ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ಬದುಕಿಕೋ ಅನ್ನುತ್ತಾನೆ.

ಅಯ್ಯನವರು ಅದೇ ಪ್ರಶ್ನೆಯನ್ನು ಇವರಿಗೂ ಕೇಳಿದರು. ಏನಿದೆ, ಏನು ಕೊಡಬೇಕಿದೆ, ಎಲ್ಲ ಒಂದೇ ಹಾಳೆಯಲ್ಲಿ. ಪೆನ್ನನ್ನು ಹೆಂಡತಿಯ ಕೈಗೆ ಕೊಟ್ಟೆವು. ಗಂಡ ಹೇಳಬೇಕು, ಆಕೆ ಬರೆಯಬೇಕು. ಕೈಸಾಲದ ವಿಷಯ ಬಾಯಿಬಿಟ್ಟಿದ್ದು ಇಲ್ಲೇ. ಆಕೆ ಬರೆಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಆಚೆ ಹೋಗಿ ಬಂದರು. ಆಮೇಲೆ ಕೂತು ಅದನ್ನೂ ಬರೆದರು.

ಹಾಳೆ ಹೇಳಿದ್ದಿಷ್ಟು. ಗೊತ್ತಿದ್ದ 57,000ದ ಜೊತೆ ಕಾರ್ಡಿನ ಕನಿಷ್ಠ ಪಾವತಿ 4,200, ಕೈಸಾಲದ ಬಡ್ಡಿ 3,000. ಒಟ್ಟು 64,200. ಜಾಮೀನಿನ ಕಂತು 5,500 ಸೇರಿದರೆ 69,700. ಬರುವುದು 58,000. ತಿಂಗಳಿಗೆ 11,700 ಕೊರತೆ.

ಕಾರ್ಡಿನ ಬಿಲ್ಲನ್ನು ಮಾತ್ರ ಬಿಡಿಸಿ ತೋರಿಸಿದೆ. 84,000ಕ್ಕೆ ತಿಂಗಳಿಗೆ ನೂರಕ್ಕೆ ಮೂರೂವರೆ ಅಂದರೆ 2,940 ಬಡ್ಡಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಸುಮಾರು 530. ಕಟ್ಟುತ್ತಿದ್ದ 4,200ರಲ್ಲಿ ಅಸಲಿಗೆ ಹೋಗುತ್ತಿದ್ದದ್ದು 730 ರೂಪಾಯಿ. ಅದೇ ತಿಂಗಳು ಅದೇ ಕಾರ್ಡಿನಲ್ಲಿ ಆರು ಸಾವಿರದ ರೇಷನ್ ಬರುತ್ತಿತ್ತು. ಬಾಕಿ ಉಳಿಸಿಕೊಂಡ ಕಾರ್ಡಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಹೊಸ ಖರೀದಿಗೆ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ.

ಟಾಪ್ ಅಪ್ ಬೇಡ ಅಂತ ನಾನು ಹೇಳಿದ್ದು ಇದಕ್ಕೇ. ತಿಂಗಳ ಕೊರತೆ ನಿಲ್ಲಿಸದೆ ಹೊಸ ಸಾಲ ತೆಗೆದರೆ ಅದು ಸೋರುವ ಕೊಡಕ್ಕೆ ನೀರು ಹೊಯ್ದ ಹಾಗೆ. ಕಾರ್ಡು ಖಾಲಿಯಾಗುತ್ತದೆ, ಆರು ತಿಂಗಳಲ್ಲಿ ಮತ್ತೆ ತುಂಬುತ್ತದೆ, ಟಾಪ್ ಅಪ್ ಕಂತು ಮಾತ್ರ ಉಳಿಯುತ್ತದೆ. ಬ್ಯಾಂಕಿನಲ್ಲಿದ್ದಾಗ ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಅಲ್ಲೇ ಅಯ್ಯನವರ ಮೇಜಿನ ಮೇಲೆ ಕಾರ್ಡನ್ನು ಎರಡು ತುಂಡು ಮಾಡಿದರು. ಬಾಕಿ ಹಾಗೇ ಇತ್ತು, ಆದರೆ ಬೆಳೆಯುವುದು ನಿಂತಿತು.

ದಶಮಾಂಶದ ಪ್ರಶ್ನೆ

ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಒಂದೇ ದಿನದಲ್ಲಿ ಮುಗಿಯಲೂ ಇಲ್ಲ.

ಗಂಡ ಮಲಾಕಿ 3ನೇ ಅಧ್ಯಾಯ ಹಿಡಿದುಕೊಂಡರು. ದಶಮಾಂಶ ಕೊಡದವರು ದೇವರಿಂದ ಕದ್ದವರು, ಶಾಪಗ್ರಸ್ತರು ಅಂತ ಅಲ್ಲಿದೆ. "ಕೊಡ್ತಿರೋವಾಗಲೇ ಹೀಗಾಗಿದೆ ಅಯ್ಯನವರೇ, ನಿಲ್ಲಿಸಿದರೆ ಇನ್ನೇನಾಗುತ್ತೋ" ಅಂದರು. ಆ ಮಾತಿನಲ್ಲಿ ಭಕ್ತಿ ಇತ್ತು, ಹೆದರಿಕೆ ಅದಕ್ಕಿಂತ ಜಾಸ್ತಿ ಇತ್ತು.

ಹೆಂಡತಿಯ ಉತ್ತರ ನನಗೆ ಇವತ್ತಿಗೂ ನೆನಪಿದೆ. "ನಾವು ಕೊಡ್ತಾ ಇದ್ದದ್ದು ನಮ್ಮ ದುಡ್ಡಲ್ಲ ರೀ. ಕವರಿಗೆ 5,800 ಹಾಕಿದ್ವಿ, ಅಕ್ಕಿ ಬೇಳೆಗೆ ನೀವು ಕಾರ್ಡ್ ಉಜ್ಜಿದ್ರಿ. ಕಾಣಿಕೆ ಕೊಟ್ಟಿದ್ದು ನಾವಲ್ಲ, ಬ್ಯಾಂಕು."

ಅಯ್ಯನವರು ತೀರ್ಪು ಕೊಡಲಿಲ್ಲ. ಮೂರು ಕಡೆ ಓದಿಸಿದರು. ಧರ್ಮೋಪದೇಶಕಾಂಡ 14ರಲ್ಲಿ ದಶಮಾಂಶ ಅಂದರೆ ಹೊಲದಲ್ಲಿ ಬೆಳೆದದ್ದರ ಹತ್ತನೇ ಪಾಲು. ಮೂರು ವರ್ಷಕ್ಕೊಮ್ಮೆ ಅದು ಊರೊಳಗಿನ ಲೇವಿಯರಿಗೆ, ಪರದೇಶಿಗೆ, ಅನಾಥರಿಗೆ, ವಿಧವೆಯರಿಗೆ ಊಟವಾಗಬೇಕು. ಮಾರ್ಕನ 7ನೇ ಅಧ್ಯಾಯದಲ್ಲಿ, ತಂದೆತಾಯಿಗೆ ಸಲ್ಲಬೇಕಾದದ್ದನ್ನು "ಕೊರ್ಬಾನ್", ದೇವರಿಗೆ ಮುಡಿಪು, ಅಂತ ಹೇಳಿ ಜಾರಿಕೊಳ್ಳುವವರನ್ನು ಯೇಸು ಗದರಿಸುತ್ತಾನೆ. 2 ಕೊರಿಂಥ 8:12ರಲ್ಲಿ ಪೌಲನು, ಕೊಡುವ ಮನಸ್ಸಿದ್ದರೆ ಒಬ್ಬನಲ್ಲಿ ಇರುವುದಕ್ಕೆ ತಕ್ಕ ಹಾಗೆ ಅದು ಮೆಚ್ಚಿಕೆಯಾಗುತ್ತದೆ, ಇಲ್ಲದ್ದಕ್ಕೆ ತಕ್ಕ ಹಾಗಲ್ಲ ಅನ್ನುತ್ತಾನೆ. ಹತ್ತನೇ ಪಾಲು ಕಡ್ಡಾಯ ಅನ್ನುವ ಸಭೆಗಳಿವೆ, ಅಲ್ಲ ಅನ್ನುವ ಸಭೆಗಳೂ ಇವೆ, ಎರಡೂ ಕಡೆ ಒಳ್ಳೆ ಜನರಿದ್ದಾರೆ ಅಂತ ಹೇಳಿ, ಮನೆಗೆ ಹೋಗಿ ಪ್ರಾರ್ಥನೆ ಮಾಡಿ ನೀವೇ ತೀರ್ಮಾನಿಸಿ ಅಂದರು.

ಗಂಟು ಬಿಡಿಸಿದ್ದು ಅಜ್ಜಿ. ಅವರಿಗೆ ಆಗ ತಾನೆ ಎಲ್ಲ ಹೇಳಿದ್ದರು. ಅವರ ಕಾಲದಲ್ಲಿ ಸ್ತ್ರೀಯರ ಕೂಟಕ್ಕೆ ಹಿಡಿ ಅಕ್ಕಿ ಕೂಡಿಡುವ ರೂಢಿ ಇತ್ತಂತೆ. ಅನ್ನಕ್ಕೆ ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿ ಬೇರೆ ಡಬ್ಬಿಗೆ. ತಿಂಗಳ ಕೊನೆಗೆ ಅದು ಸಭೆಗೆ ಹೋಗುತ್ತಿತ್ತು. "ಒಲೆ ಹಚ್ಚಿದ ದಿನ ಹಿಡಿ ಅಕ್ಕಿ ತೆಗೀತಿದ್ವಿ. ಮನೇಲಿ ಅಕ್ಕಿ ಇಲ್ಲದ ದಿನ ಸಾಲ ತಂದು ಹಿಡಿ ಹಾಕು ಅಂತ ಸಭೆಯ ಯಾವ ಅಮ್ಮನವರೂ ಹೇಳ್ಲಿಲ್ಲ ಕಣಪ್ಪ" ಅಂತ ಮಗನಿಗೆ ಹೇಳಿದರು.

ತೀರ್ಮಾನ ಹೀಗಾಯಿತು. ಕಾಣಿಕೆ ನಿಲ್ಲಿಸುವುದಿಲ್ಲ. ಸಂಬಳ ಬಂದ ದಿನ ಮೊದಲು ಅದನ್ನೇ ತೆಗೆಯುವುದು, ಆದರೆ 1,500. ಉಳಿದ ವಿಶೇಷ ಕಾಣಿಕೆಗಳು ಸದ್ಯಕ್ಕೆ ಇಲ್ಲ. ಒಂದೊಂದು ಸಾಲ ತೀರಿದ ಹಾಗೆ ಕಾಣಿಕೆ ಏರಿಸುವುದು. ಅಡಿಗೆಮನೆಯಲ್ಲಿ ಹಳೇ ಹಾರ್ಲಿಕ್ಸ್ ಡಬ್ಬಿಯೊಂದು ಹಿಡಿ ಅಕ್ಕಿಗೆ ಬಂತು. ಅದರ ಜವಾಬ್ದಾರಿ ಅಜ್ಜಿಯದು.

ಗಂಡನಿಗೆ ಉಳಿದಿದ್ದ ಅಳುಕು ಬೇರೆ. ಸಭೆಯ ವಾರ್ಷಿಕ ವರದಿಯಲ್ಲಿ ಯಾರು ಎಷ್ಟು ಕೊಟ್ಟರು ಅಂತ ಪಟ್ಟಿ ಅಚ್ಚಾಗುತ್ತಿತ್ತು. ತನ್ನ ಹೆಸರಿನ ಮುಂದೆ ಕಮ್ಮಿ ಮೊತ್ತ ಕಂಡರೆ ಜನ ಏನಂದುಕೊಂಡಾರು? ಎಡಗೈಗೆ ಗೊತ್ತಾಗದ ಹಾಗೆ ಬಲಗೈ ಕೊಡಲಿ ಅಂತ ಮತ್ತಾಯ 6ರಲ್ಲಿ ಓದುವ ನಾವು, ವರ್ಷಕ್ಕೊಮ್ಮೆ ಎಲ್ಲರ ಮೊತ್ತವನ್ನು ಅಚ್ಚು ಹಾಕಿ ಹಂಚುತ್ತಿದ್ದೆವು. ಈ ಪ್ರಕರಣದ ಮರುವರ್ಷ ಅಯ್ಯನವರು ಕಮಿಟಿಯಲ್ಲಿ ಮಾತಾಡಿ ಪಟ್ಟಿಯಿಂದ ಮೊತ್ತ ತೆಗೆಸಿದರು. ಈಗ ಹೆಸರು ಮಾತ್ರ ಇರುತ್ತದೆ. ಬೇರೆ ಸಭೆಗಳೂ ಇದನ್ನು ಯೋಚಿಸಬೇಕು ಅಂತ ನನ್ನ ಕಳಕಳಿ.

ಜಾಮೀನು

ಜಾಮೀನು ಅಂದರೆ ಬರೀ ಒಂದು ಸಹಿ, ಪರಿಚಯಕ್ಕೆ ಹಾಕುವುದು ಅಂತ ಬಹಳ ಜನ ತಿಳಿದಿದ್ದಾರೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಹೇಳದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಸತ್ಯವೇದದ ಜ್ಞಾನೋಕ್ತಿ ಪುಸ್ತಕ ಈ ವಿಷಯದಲ್ಲಿ ಕಾಯ್ದೆಗಿಂತ ಕಟುವಾಗಿದೆ. ಬೇರೆಯವರಿಗೆ ಹೊಣೆಯಾಗಿ ಸಿಕ್ಕಿಕೊಂಡಿದ್ದರೆ ನಿದ್ದೆ ಮಾಡಬೇಡ, ಹೋಗು, ತಗ್ಗಿಸಿಕೋ, ನೆರೆಯವನನ್ನು ಬೇಡಿಕೋ ಅಂತ 6ನೇ ಅಧ್ಯಾಯದಲ್ಲಿದೆ.

ಗಂಡ ಗೆಳೆಯನ ಹತ್ತಿರ ಹೋಗಿರಲಿಲ್ಲ. ಫೋನು ಮಾಡಿದ್ದರು, ಅವನು ಎತ್ತಿರಲಿಲ್ಲ. ಮನಸ್ಸಿನಲ್ಲಿ ಅವನು ಮೋಸಗಾರ ಅಂತ ತೀರ್ಮಾನ ಮಾಡಿಕೊಂಡಿದ್ದರು. ಮತ್ತಾಯ 18ರ ಕ್ರಮದಲ್ಲಿ ಹೋಗೋಣ ಅಂತ ನಾವು ಹೇಳಿದೆವು. ಮೊದಲು ಒಬ್ಬರೇ. ಕೇಳದಿದ್ದರೆ ಇನ್ನೊಬ್ಬಿಬ್ಬರ ಜೊತೆ. ಒಬ್ಬರೇ ಹೋದಾಗ ಗೆಳೆಯನ ಹೆಂಡತಿ ಬಾಗಿಲಲ್ಲೇ, ಮನೇಲಿಲ್ಲ ಅಂದರು. ಎರಡನೇ ಸಲ ನಾನೂ ಇನ್ನೊಬ್ಬ ಹಿರಿಯರೂ ಜೊತೆಗೆ ಹೋದೆವು. ಕೂತು ಮಾತಾಡಿದಾಗ ತಿಳಿಯಿತು. ಅಂಗಡಿ ಎದುರಿನ ರಸ್ತೆಯನ್ನು ಕೆಲಸಕ್ಕೆ ಅಂತ ಅಗೆದು ತಿಂಗಳುಗಟ್ಟಲೆ ಹಾಗೇ ಬಿಟ್ಟಿದ್ದರು. ಗಿರಾಕಿ ಬರಲಿಲ್ಲ, ಅಂಗಡಿ ಮುಚ್ಚಿದ. ಆಗ ಅವನು ಒಂದು ಗೋಡೌನಿನಲ್ಲಿ ರಾತ್ರಿ ಪಾಳಿ ಕೆಲಸ ಮಾಡುತ್ತಿದ್ದ. ಮುಖ ತೋರಿಸಲು ನಾಚಿಕೆಯಾಗಿ ದೇವಾಲಯಕ್ಕೆ ಬರುವುದನ್ನೇ ಬಿಟ್ಟಿದ್ದ.

ಅವನು ತಿಂಗಳಿಗೆ 2,000 ಕಟ್ಟುತ್ತೇನೆ ಅಂದ. ಉಳಿದ 3,500ನ್ನು ಇಬ್ಬರು ಜಾಮೀನುದಾರರೂ ಸಮನಾಗಿ ಹಂಚಿಕೊಂಡರು, ತಲಾ 1,750. ಒಂದೇ ಸಾಲಕ್ಕೆ ಜಾಮೀನಾದವರು ಸಮನಾಗಿ ಹೊರಬೇಕು ಅಂತ ಅದೇ ಕಾಯ್ದೆಯ 146ನೇ ಸೆಕ್ಷನ್ ಹೇಳುತ್ತದೆ. ಈ ಮಾತು ಗೊತ್ತಾಗುವ ತನಕ ಈ ಮನೆಯ ಗಂಡ ಒಬ್ಬರೇ ಪೂರ್ತಿ ಕಂತು ಹೊತ್ತಿದ್ದರು. ಮೊದಲು ಕಟ್ಟಿದ 33,000ದ ಅರ್ಧ ಕೇಳಿದಾಗ ಇನ್ನೊಬ್ಬ ಜಾಮೀನುದಾರರು ಮುಖ ಗಂಟಿಕ್ಕಿದರು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕೊಡಲು ಒಪ್ಪಿದರು. ಕಟ್ಟಿದ್ದಕ್ಕೆಲ್ಲ ಸಂಘದಿಂದ ಗಂಡನ ಹೆಸರಿಗೇ ರಸೀದಿ ಬರೆಸಿಕೊಳ್ಳಲು ಹೇಳಿದೆ. ಜಾಮೀನುದಾರ ಕಟ್ಟಿದ ಹಣವನ್ನು ಸಾಲಗಾರನಿಂದ ವಾಪಸ್ ಪಡೆಯುವ ಹಕ್ಕಿದೆ, ರಸೀದಿ ಇಲ್ಲದಿದ್ದರೆ ಆ ಹಕ್ಕು ಬರೀ ಬಾಯಿಮಾತು.

ಬಳೆ

ಹಾಳೆಯ ಮೇಲೆ, ಮನೆಯಲ್ಲಿ ಏನಿದೆ ಅನ್ನುವ ಕಡೆ, ಹೆಂಡತಿ ಎರಡು ಬಂಗಾರದ ಬಳೆ ಅಂತ ಬರೆದಿದ್ದರು. ತವರಿನದು. ಗಂಡ ಅದನ್ನು ಕೇಳಬಾರದು ಅಂತ ನಾನು ಮೊದಲೇ ಹೇಳಿದ್ದೆ. ಮುಚ್ಚಿಟ್ಟ ಸಾಲಕ್ಕೆ ಹೆಂಡತಿಯ ಒಡವೆ ಕೇಳುವುದು ಎರಡನೇ ಏಟು. ಒಂದು ವಾರದ ಮೇಲೆ ಆಕೆಯೇ ಬಳೆ ಕೊಡುತ್ತೇನೆ ಅಂದರು.

ಗಿರವಿ ಇಡಿ ಅಂತ ನಾನು ಸೂಚಿಸಿದೆ. ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಕಾರ್ಡಿನ ಬಡ್ಡಿಯ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ, ಬಳೆಯೂ ಉಳಿಯುತ್ತದೆ. ಆಕೆ ಒಪ್ಪಲಿಲ್ಲ. "ಗಿರವಿ ಇಟ್ರೆ ಇನ್ನೊಂದು ಕಂತು. ನನಗೆ ಕಂತು ಕಮ್ಮಿ ಆಗ್ಬೇಕು" ಅಂದರು. ಮಾರಿದಾಗ 1,60,000 ಬಂತು. ಅವತ್ತೇ ಕೈಸಾಲದ ಒಂದು ಲಕ್ಷ ತೀರಿಸಿ, ಬರೆದುಕೊಟ್ಟಿದ್ದ ಪ್ರಾಮಿಸರಿ ನೋಟು ವಾಪಸ್ ಪಡೆದು ಹರಿದರು. 60,000 ಕಾರ್ಡಿಗೆ. ಉಳಿದ 24,000 ಬಾಕಿ ನಾಲ್ಕು ತಿಂಗಳೊಳಗೆ ಮುಗಿಯಿತು.

ಆಮೇಲೆ ಚಿನ್ನದ ಬೆಲೆ ಏರುತ್ತಲೇ ಹೋಯಿತು. ಇಟ್ಟುಕೊಂಡಿದ್ದರೆ ಲಾಭವಾಗುತ್ತಿತ್ತು, ಅದು ಆಕೆಗೂ ಗೊತ್ತು. ಆದರೆ ಆ ಮನೆಯಲ್ಲಿ ತಿಂಗಳ ಒಂದನೇ ತಾರೀಖಿನ ಜಗಳ ನಿಂತದ್ದು ಆ ವಾರದಿಂದಲೇ. ಅದಕ್ಕೂ ಒಂದು ಬೆಲೆ ಇದೆ, ಅಲ್ವಾ? ಬೇರೆ ಮನೆಯಲ್ಲಾಗಿದ್ದರೆ ನಾನು ಗಿರವಿಯನ್ನೇ ಒತ್ತಿ ಹೇಳುತ್ತಿದ್ದೆ. ಇಲ್ಲಿ ಆಕೆಯ ತೀರ್ಮಾನವೇ ಸರಿ ಅಂತ ನನಗೆ ಅನ್ನಿಸಿತು.

ಉಳಿದ ಬದಲಾವಣೆಗಳು ಸಣ್ಣವು. ಸಂಜೆ ಎಂಟು ಮಕ್ಕಳಿಗೆ ಟ್ಯೂಷನ್, ತಿಂಗಳಿಗೆ 4,800. ಆಟೋ ಬಿಟ್ಟು ಶಕ್ತಿ ಯೋಜನೆಯ ಬಿಎಂಟಿಸಿ ಬಸ್ಸು. ರೇಷನ್ನಿಗೆ ಒಂದೇ ಸಲ ಪಟ್ಟಿ ಬರೆದು ನಗದು ಕೊಡುವುದು. ಬದುಕುವ ಖರ್ಚು 39,500ರಿಂದ 37,000ಕ್ಕೆ ಇಳಿಯಿತು. ಅಜ್ಜಿಯ ಖಾತೆಗೆ ಬರುವ ಗೃಹಲಕ್ಷ್ಮಿಯ 2,000ವನ್ನು ಲೆಕ್ಕಕ್ಕೆ ಸೇರಿಸಲಿಲ್ಲ. ಅದು ಕೆಲವು ಸಲ ತಡವಾಗಿ ಬರುತ್ತದೆ, ಮತ್ತೆ ಅದು ಅವರ ದುಡ್ಡು. ಮೊದಲ ತಿಂಗಳಿಂದಲೇ 1,000 ರೂಪಾಯಿಯ ಅಂಚೆ ಕಚೇರಿ ಆರ್‌ಡಿ ಶುರು ಮಾಡಿಸಿದೆ. ಸಾಲ ಇರುವಾಗ ಉಳಿತಾಯ ಯಾಕೆ ಅಂತ ಗಂಡ ಕೇಳಿದರು. ಈ ಮನೆ ಕೈಸಾಲಕ್ಕೆ ಹೋಗಿದ್ದು ಅಡ್ವಾನ್ಸಿಗೆ, ಆಸ್ಪತ್ರೆಗೆ. ಮುಂದಿನ ಆಸ್ಪತ್ರೆ ಖರ್ಚು ಬಂದಾಗ ಮತ್ತೆ ಅದೇ ಬಾಗಿಲಿಗೆ ಹೋಗಬಾರದು. ಬರಗಾಲ ಬರುವ ಮೊದಲೇ ಸುಗ್ಗಿಯ ಐದನೇ ಒಂದು ಪಾಲು ಕೂಡಿಡು ಅಂತ ಸತ್ಯವೇದದಲ್ಲಿ ಯೋಸೇಫ ಐಗುಪ್ತದ ಅರಸ ಫರೋಹನಿಗೆ ಹೇಳಿದ್ದು ಅವಿಶ್ವಾಸದಿಂದಲ್ಲ.

ಈಗ

ಚೀಟಿ ಮುಗಿದಿದೆ, ಕಾರ್ಡಿನ ಖಾತೆ ಮುಚ್ಚಿದೆ. ಕೈಸಾಲ ಇಲ್ಲ. ಪರ್ಸನಲ್ ಲೋನು ಇನ್ನು ಒಂದು ವರ್ಷದ ಮೇಲೆ ಸ್ವಲ್ಪ ಇದೆ. ಜಾಮೀನಿನ ಕಂತು ನಡೆಯುತ್ತಿದೆ. ಕಾಣಿಕೆ 1,500ರಿಂದ 3,000ಕ್ಕೆ ಬಂದಿದೆ. ಪ್ರತಿ ತಿಂಗಳ ಮೊದಲ ಶನಿವಾರ ಗಂಡ ಹೆಂಡತಿ ಕೂತು ಹಾಳೆ ಬರೆಯುತ್ತಾರೆ. ಯಾರದೇ ಸಾಲಕ್ಕೆ ಸಹಿ ಹಾಕುವ ಮೊದಲು ಇಬ್ಬರೂ ಒಪ್ಪಬೇಕು ಅಂತ ನಿಯಮ ಮಾಡಿಕೊಂಡಿದ್ದಾರೆ. ಈಚೆಗೆ ಸಂಬಂಧಿಕರೊಬ್ಬರು ಜಾಮೀನು ಕೇಳಿ ಬಂದರು. ಸಹಿ ಹಾಕಲಿಲ್ಲ. ಕೈಯಲ್ಲಿದ್ದ 3,000 ಕೊಟ್ಟು, ಇದು ವಾಪಸ್ ಬೇಡ ಅಂದರು. ಸಂಬಂಧಿಕರು ಬೇಸರ ಮಾಡಿಕೊಂಡು ಹೋದರು.

ಎಲ್ಲವೂ ಸರಿಹೋಗಲಿಲ್ಲ. ಗೆಳೆಯ ಕಂತಿನ ತನ್ನ ಪಾಲು ಹೆಚ್ಚಿನ ತಿಂಗಳು ಕಟ್ಟುತ್ತಾನೆ, ಆದರೆ ಈಗ ಬೇರೆ ಸಭೆಗೆ ಹೋಗುತ್ತಾನೆ. ದಾರಿಯಲ್ಲಿ ಸಿಕ್ಕರೆ ಇಬ್ಬರೂ ತಲೆಯಾಡಿಸುತ್ತಾರೆ, ಅಷ್ಟೆ. ಮಗಳಿಗೆ ಖಾಸಗಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುವ ಆಸೆ ಇತ್ತು. ಅವಳನ್ನೂ ಕೂರಿಸಿಕೊಂಡು ಹಾಳೆ ತೋರಿಸಿದರು. ಅವಳು ಸರ್ಕಾರಿ ಕಾಲೇಜಿನಲ್ಲಿ ಬಿಎಸ್ಸಿ ಸೇರಿದಳು. ತಾನೇ ಆರಿಸಿದ್ದು ಅನ್ನುತ್ತಾಳೆ, ಆದರೂ ಅಪ್ಪನಿಗೆ ಆ ವಿಷಯ ಎತ್ತಿದರೆ ಕಣ್ಣು ತುಂಬುತ್ತದೆ. ದೊಡ್ಡವರು ಮುಚ್ಚಿಟ್ಟ ಲೆಕ್ಕದ ಒಂದು ಪಾಲನ್ನು ಮಕ್ಕಳು ಹೀಗೆ ಕಟ್ಟಬೇಕಾಗುತ್ತದೆ. ನನ್ನ ಹತ್ತಿರ ಬರುವ ಗಂಡಸರಿಗೆ ನಾನು ಈ ಭಾಗವನ್ನು ತಪ್ಪದೆ ಹೇಳುತ್ತೇನೆ.

ಪರ್ಸನಲ್ ಲೋನು ತೀರಿದ ಮೇಲೆ ತಿಂಗಳಿಗೆ 6,700 ಕೈಗೆ ಉಳಿಯುತ್ತದೆ. ಅದರಿಂದ ಕಾಣಿಕೆಯನ್ನು ಪೂರ್ತಿ ದಶಮಾಂಶಕ್ಕೆ ಏರಿಸಬೇಕು ಅಂತ ಗಂಡ. ಮೊದಲು ಮಗಳ ಎಂಎಸ್ಸಿಗೆ ಎತ್ತಿಡೋಣ ಅಂತ ಹೆಂಡತಿ. ಅಜ್ಜಿ ಇನ್ನೂ ಏನೂ ಹೇಳಿಲ್ಲ. ಹಾಳೆಯ ಕೆಳಗೆ ಎರಡನ್ನೂ ಬರೆದಿಟ್ಟಿದ್ದಾರೆ, ಮುಂದಿನ ತಿಂಗಳು ಮತ್ತೆ ಮಾತಾಡುತ್ತಾರಂತೆ.